ಕರುಳಿನ ಬ್ರೆತ್ ಟೆಸ್ಟ್: ಸಿದ್ಧತೆಯ ವಿಷಯ ಕೇಳದ ಕಡೆ ಹಣ ಕಟ್ಟಬೇಡಿ

ಹೊಟ್ಟೆ ಉಬ್ಬರ, ಗ್ಯಾಸು, ಊಟವಾದ ಸ್ವಲ್ಪ ಹೊತ್ತಿಗೇ ಬರುವ ಭೇದಿ ಎಂದು ನರಳುತ್ತಿರುವ ನನ್ನ ಪರಿಚಯದ ಹಲವರಿಗೆ ಈಚೆಗೆ ‘ಸಿಬೊ’ ಪರೀಕ್ಷೆ ಮಾಡಿಸಿಕೊಳ್ಳಿ ಎಂಬ ಸಲಹೆ ಸಿಕ್ಕಿದೆ. ಸಣ್ಣ ಕರುಳಿನಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಬೆಳೆದಿವೆಯೇ ಎಂಬುದನ್ನು ಉಸಿರಿನಿಂದ ಅಂದಾಜು ಮಾಡುವ ಪರೀಕ್ಷೆ ಇದು. ಪರೀಕ್ಷೆ ಕೆಟ್ಟದ್ದಲ್ಲ, ಆದರೆ ಹಿಂದಿನ ದಿನಗಳ ಸಿದ್ಧತೆ ಸರಿಯಾಗಿಲ್ಲದಿದ್ದರೆ ಅದರ ವರದಿಯನ್ನು ನಂಬಿ ಔಷಧಿ ನುಂಗುವುದು ಅಪಾಯ. ತುಮಕೂರಿನ ಒಂದು ಖಾಸಗಿ ಪರೀಕ್ಷಾ ಕೇಂದ್ರದಲ್ಲಿ ನನ್ನ ತಾಯಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಅಮ್ಮನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್ ಮಾತ್ರೆಯ ಪ್ರಮಾಣ ಹೆಚ್ಚಿಸಿದ ಮೇಲೆ ಹೊಟ್ಟೆ ಉಬ್ಬರವೂ ಭೇದಿಯೂ ಶುರುವಾದವು. ಸಂಬಂಧಿಕರೊಬ್ಬರ ಮಾತಿನಂತೆ ಆ ಕೇಂದ್ರಕ್ಕೆ ಫೋನ್ ಮಾಡಿ, ಏನೇನು ತಯಾರಿ ಬೇಕೆಂದು ಕೇಳಿದೆವು. ‘ಬೆಳಿಗ್ಗೆ ಖಾಲಿ ಹೊಟ್ಟೇಲಿ ಕರ್ಕೊಂಡ್ ಬನ್ನಿ, ಅಷ್ಟೇ ಸಾಕು’ ಎಂಬ ಉತ್ತರ ಬಂತು. ಅದು ಅವರೆಕಾಯಿಯ ಕಾಲ. ಹಿಂದಿನ ರಾತ್ರಿ ಅಮ್ಮ ಎಂದಿನಂತೆ ಮುದ್ದೆ, ಹಿದುಕಿದ ಅವರೆಬೇಳೆ ಸಾರು ಉಂಡಿದ್ದರು. ಅದಕ್ಕೂ ಮುಂಚಿನ ವಾರವಷ್ಟೇ ಮೂತ್ರದ ಸೋಂಕಿಗೆ ಆಂಟಿಬಯೋಟಿಕ್ ಮುಗಿಸಿದ್ದರು. ಈ ಎರಡರಲ್ಲಿ ಒಂದನ್ನೂ ಕೇಂದ್ರದವರು ಫೋನಿನಲ್ಲಾಗಲಿ, ಎದುರಿಗೆ ಕೂರಿಸಿಕೊಂಡಾಗಲಿ ವಿಚಾರಿಸಲಿಲ್ಲ.

ಇದು ಏಕೆ ಅಷ್ಟು ಮುಖ್ಯವೆಂದರೆ, ಮನುಷ್ಯನ ಜೀವಕೋಶಗಳು ಹೈಡ್ರೋಜನ್ ಅನಿಲವನ್ನು ತಯಾರಿಸುವುದಿಲ್ಲ. ಕರುಳಿನ ಸೂಕ್ಷ್ಮಜೀವಿಗಳು ಸಕ್ಕರೆ ಅಂಶವನ್ನು ಹುಳಿಯಿಸಿದಾಗ ಹುಟ್ಟುವ ಹೈಡ್ರೋಜನ್ ರಕ್ತಕ್ಕೆ ಸೇರಿ, ಶ್ವಾಸಕೋಶದ ಮೂಲಕ ಉಸಿರಿನಲ್ಲಿ ಹೊರಬರುತ್ತದೆ. ಗ್ಲೂಕೋಸ್ ಅಥವಾ ಲ್ಯಾಕ್ಟುಲೋಸ್ (ನಮ್ಮಿಂದ ಜೀರ್ಣವಾಗದ ಒಂದು ಸಕ್ಕರೆ) ದ್ರಾವಣವನ್ನು ಕುಡಿಸಿ, 15–20 ನಿಮಿಷಕ್ಕೊಮ್ಮೆ ಊದಿಸಿ, ಆ ಅನಿಲ ಬೇಗ ಏರಿದರೆ ಹುಳಿಯುವಿಕೆ ಸಣ್ಣ ಕರುಳಿನಲ್ಲೇ ಆಗುತ್ತಿರಬಹುದೆಂದು ಊಹಿಸುತ್ತಾರೆ. ಅವರೆಕಾಳು, ಹುರುಳಿ, ತೊಗರಿಯಂಥ ಕಾಳುಗಳಲ್ಲಿ ನಮ್ಮಿಂದ ಜೀರ್ಣವಾಗದ ಕೆಲವು ಸಕ್ಕರೆಗಳಿದ್ದು, ಅವು ದೊಡ್ಡ ಕರುಳಿಗೆ ಹೋಗಿ ಗಂಟೆಗಟ್ಟಲೆ ಹೈಡ್ರೋಜನ್ ಬಿಡುತ್ತಲೇ ಇರುತ್ತವೆ. ರಾತ್ರಿ ಕಾಳಿನ ಸಾರು ಉಂಡವರ ಉಸಿರಿನಲ್ಲಿ ಬೆಳಿಗ್ಗೆಯೂ ಆ ಅನಿಲ ಉಳಿದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಅಮ್ಮನ ವಿಷಯದಲ್ಲಿ ಆದದ್ದೂ ಅದೇ. ಏನನ್ನೂ ಕುಡಿಯುವ ಮೊದಲಿನ ಊದಿನಲ್ಲೇ ಹೈಡ್ರೋಜನ್ 34 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 34 ಭಾಗ) ಇತ್ತು. ಆರಂಭದಲ್ಲೇ ಇಷ್ಟು ಬಂದಾಗ ಸಿದ್ಧತೆ ಸರಿಯಿಲ್ಲವೆಂದು ತಿಳಿದು ಪರೀಕ್ಷೆಯನ್ನು ಮುಂದೂಡಬೇಕಿತ್ತು. ಅದರ ಬದಲು, ಸಕ್ಕರೆ ಕಾಯಿಲೆಯವರೆಂದು ನಾವು ಹೇಳಿದ ಮೇಲೂ, ರಕ್ತದ ಸಕ್ಕರೆಯನ್ನು ನೋಡದೆ 75 ಗ್ರಾಂ ಗ್ಲೂಕೋಸ್ ಕುಡಿಸಿದರು. ಮಧ್ಯಾಹ್ನದ ಹೊತ್ತಿಗೆ ಅಮ್ಮನಿಗೆ ತಲೆಸುತ್ತು, ತಡೆಯಲಾರದ ಬಾಯಾರಿಕೆ. ಮನೆಯ ಮೀಟರಿನಲ್ಲಿ ಸಕ್ಕರೆ 300 ದಾಟಿತ್ತು. 10 ಗ್ರಾಂ ಲ್ಯಾಕ್ಟುಲೋಸ್ ಬಳಸಿ ಇದೇ ಪರೀಕ್ಷೆಯನ್ನು ಮಾಡಬಹುದಿತ್ತು. ವಯಸ್ಸಾದ ಒಬ್ಬ ಹೆಂಗಸಿನ ಬಗ್ಗೆ ಇಷ್ಟು ಅಲಕ್ಷ್ಯ ತೋರಿದ್ದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ವರದಿಯಲ್ಲಿ ಇದ್ದದ್ದು ಒಂದೇ ಸಾಲು: ಪಾಸಿಟಿವ್. ಅದರ ಆಧಾರದ ಮೇಲೆ ಕೇಂದ್ರದ ವೈದ್ಯರು ರಿಫಾಕ್ಸಿಮಿನ್ ಎಂಬ ಆಂಟಿಬಯೋಟಿಕ್‌ನ 550 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರರಂತೆ 14 ದಿನಕ್ಕೆ ಬರೆದುಕೊಟ್ಟರು. ಜೊತೆಗೆ ಮಲದ ಬ್ಯಾಕ್ಟೀರಿಯಾಗಳ ನಕ್ಷೆ, ಯಾವ ಆಹಾರ ಒಗ್ಗುವುದಿಲ್ಲವೆಂದು ಹೇಳುವ ಐಜಿಜಿ (ರಕ್ತದ ಒಂದು ಬಗೆಯ ಪ್ರತಿಕಾಯ) ರಕ್ತಪರೀಕ್ಷೆ, ಅವರಲ್ಲೇ ಮಾರುವ ಪ್ರೋಬಯೋಟಿಕ್ ಪುಡಿ ಎಲ್ಲವೂ ಸೇರಿದವು. ಮಲದ ಪರೀಕ್ಷೆ ಬಹುಪಾಲು ದೊಡ್ಡ ಕರುಳಿನ ಸ್ಥಿತಿಯನ್ನು ತೋರಿಸುತ್ತದೆಯೇ ಹೊರತು ಸಣ್ಣ ಕರುಳಿನ ಸಿಬೊವನ್ನು ಅದರಿಂದ ಹೇಳಲಾಗದು. ಐಜಿಜಿ ರಕ್ತಪರೀಕ್ಷೆಯಿಂದ ಆಹಾರ ಒಗ್ಗದಿರುವುದನ್ನು ಪತ್ತೆ ಮಾಡುವುದನ್ನು ಅಲರ್ಜಿ ತಜ್ಞರ ಸಂಘಟನೆಗಳೇ ಒಪ್ಪುವುದಿಲ್ಲ. ಮಾತ್ರೆ ಮುಗಿದರೂ ಭೇದಿ ನಿಲ್ಲಲಿಲ್ಲ.

ಕೊನೆಗೆ ಬೆಂಗಳೂರಿನಲ್ಲಿ ಗ್ಯಾಸ್ಟ್ರೋಎಂಟರಾಲಜಿಸ್ಟ್ ಒಬ್ಬರಿಗೆ ತೋರಿಸಿದೆವು. ಅವರು ಮೊದಲು ಕೇಳಿದ್ದು ಪ್ರತಿ ಊದಿನ ಅಂಕಿಗಳ ಪಟ್ಟಿಯನ್ನು. ಕೇಂದ್ರದಿಂದ ಅದನ್ನು ತರಿಸಿ ನೋಡಿದರೆ, 90 ನಿಮಿಷಗಳಲ್ಲಿ ಅತಿ ಹೆಚ್ಚಿನ ಅಂಕಿ 41, ಅಂದರೆ ಏರಿದ್ದು ಬರೀ 7. ಉತ್ತರ ಅಮೆರಿಕದ ತಜ್ಞರು 2017ರಲ್ಲಿ ಪ್ರಕಟಿಸಿದ ಒಮ್ಮತದ ಮಾರ್ಗಸೂಚಿಯಂತೆ, ಪಾಸಿಟಿವ್ ಎನ್ನಲು 90 ನಿಮಿಷದೊಳಗೆ ಹೈಡ್ರೋಜನ್ ಆರಂಭದ ಅಂಕಿಗಿಂತ ಕನಿಷ್ಠ 20 ಪಿಪಿಎಂ ಹೆಚ್ಚಬೇಕು. ಏರಿಕೆಯನ್ನು ನೋಡಬೇಕಾದಲ್ಲಿ ಒಟ್ಟು ಅಂಕಿ 20 ಮೀರಿದೆಯೆಂದು ನೋಡಿ ಪಾಸಿಟಿವ್ ಎಂದು ಬರೆಯಲಾಗಿತ್ತು. ವೈದ್ಯರು ಮೆಟ್‌ಫಾರ್ಮಿನ್ ಮಾತ್ರೆಯನ್ನು ನಿಧಾನವಾಗಿ ಕರಗುವ ಬಗೆಗೆ ಬದಲಾಯಿಸಿದರು. ಕೆಲವೇ ವಾರಗಳಲ್ಲಿ ಹೊಟ್ಟೆ ಹಿಡಿತಕ್ಕೆ ಬಂತು. ಮೆಟ್‌ಫಾರ್ಮಿನ್ ದೀರ್ಘಕಾಲ ತೆಗೆದುಕೊಳ್ಳುವವರಲ್ಲಿ ಬಿ12 ವಿಟಮಿನ್ ಕಡಿಮೆಯಾಗಬಹುದೆಂದು ಅದನ್ನೂ ಪರೀಕ್ಷಿಸಿದರು, ಕಡಿಮೆಯೇ ಇತ್ತು.

ಸಿಬೊ ಎಂಬುದೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಕರುಳಿನ ಶಸ್ತ್ರಚಿಕಿತ್ಸೆಯಾದವರಲ್ಲಿ, ದೀರ್ಘಕಾಲದ ಸಕ್ಕರೆ ಕಾಯಿಲೆಯಿಂದ ಕರುಳಿನ ಚಲನೆ ನಿಧಾನವಾದವರಲ್ಲಿ ಅದು ನಿಜವಾಗಿಯೂ ಇರಬಹುದು. ಆದ್ದರಿಂದಲೇ ಪರೀಕ್ಷೆ ಸರಿಯಾಗಿ ನಡೆಯಬೇಕು. ಆಂಟಿಬಯೋಟಿಕ್ ಮುಗಿದು ನಾಲ್ಕು ವಾರ ಕಳೆದಿರಬೇಕು. ಮಲಬದ್ಧತೆಗೆ ಕೊಡುವ, ಭೇದಿ ಮಾಡಿಸುವ ಮಾತ್ರೆ ಮತ್ತು ಕರುಳಿನ ಚಲನೆ ಹೆಚ್ಚಿಸುವ ಮಾತ್ರೆಗಳನ್ನು ವೈದ್ಯರನ್ನು ಕೇಳಿ ಒಂದು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ. ಹಿಂದಿನ ದಿನ ಮುದ್ದೆ, ಕಾಳು, ಸೊಪ್ಪು, ಹಣ್ಣು, ಹಾಲು ಬಿಟ್ಟು ಬಿಳಿ ಅನ್ನ, ಮೊಟ್ಟೆ ಅಥವಾ ಮಸಾಲೆಯಿಲ್ಲದ ಕೋಳಿಯಂಥ ಆಹಾರ ತಿಂದು, ನಂತರ 8ರಿಂದ 12 ಗಂಟೆ ಉಪವಾಸವಿರಬೇಕು. ಪರೀಕ್ಷೆಯ ದಿನ ಬೀಡಿ, ಸಿಗರೇಟು ಸೇದಬಾರದು, ಬಿರುಸಾಗಿ ನಡೆಯಬಾರದು. ಯಂತ್ರ ಮೀಥೇನನ್ನೂ ಅಳೆಯುತ್ತದೆಯೇ ಎಂದೂ ಕೇಳಿಕೊಳ್ಳಿ, ಏಕೆಂದರೆ ಕೆಲವರ ಕರುಳಿನಲ್ಲಿ ಹೈಡ್ರೋಜನ್ನನ್ನು ಬಳಸಿಕೊಂಡು ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿದ್ದು, ಹೈಡ್ರೋಜನ್ ಒಂದನ್ನೇ ಅಳೆದರೆ ಅದು ತಪ್ಪಿಹೋಗುತ್ತದೆ. ಇಷ್ಟೆಲ್ಲ ಮಾಡಿದರೂ ಲ್ಯಾಕ್ಟುಲೋಸ್ ಬೇಗ ದೊಡ್ಡ ಕರುಳಿಗೆ ಇಳಿಯುವವರಲ್ಲಿ ವರದಿ ಸುಳ್ಳೇ ಪಾಸಿಟಿವ್ ಬರಬಹುದು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಬಿಟ್ಟುಬಿಟ್ಟು ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಬ್ರೆತ್ ಟೆಸ್ಟಿಗಾಗಿ ಕಾಯದೆ ನೇರವಾಗಿ ತಜ್ಞರನ್ನು ಕಾಣಿ. ಕರುಳಿನ ಕ್ಷಯದಂಥ ಕಾಯಿಲೆಗಳು ಹೀಗೆಯೇ ಶುರುವಾಗಬಹುದು.

ಪರೀಕ್ಷಾ ಕೇಂದ್ರಗಳೂ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿ ನೋಂದಣಿಯಾಗಿರಬೇಕು. ನಾವು ಬಿಲ್ಲು, ಒಂದು ಸಾಲಿನ ವರದಿ ಮತ್ತು ಅಂಕಿಗಳ ಪಟ್ಟಿಯನ್ನು ಲಗತ್ತಿಸಿ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ದೂರು ಕೊಟ್ಟಿದ್ದೇವೆ. ಆ ಪಟ್ಟಿಯನ್ನು ಕೇಂದ್ರದವರು ತಾವಾಗಿ ಕೊಡಲಿಲ್ಲ, ಲಿಖಿತವಾಗಿ ಕೇಳಿದ ಮೇಲೆ ಕೊಟ್ಟರು. ಹಾಗಾಗಿ ಯಾರೇ ಪರೀಕ್ಷೆ ಮಾಡಿಸಿಕೊಂಡರೂ, ಪ್ರತಿ ಊದಿನ ಸಮಯ ಮತ್ತು ಅಂಕಿ ಇರುವ ಪಟ್ಟಿಯನ್ನು ವರದಿಯ ಜೊತೆಯಲ್ಲೇ, ಅದೇ ದಿನ ಪಡೆದುಕೊಳ್ಳಿ.