ದಾಳಿಂಬೆ ಸಿಪ್ಪೆಯ ಸತ್ವ ಎಲ್ಲಿ ಉಳಿಯುತ್ತದೆ? ಕೋಣೆ, ಫ್ರಿಜ್, ಮರಳಿನ ತೊಟ್ಟಿ, ಕೋಲ್ಡ್ ಸ್ಟೋರೇಜ್ ಹೋಲಿಕೆ

ಹಸ್ತ ಬಹಾರಿನ (ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹೂ ಬಿಡುವ ಹಂಗಾಮಿನ) ದಾಳಿಂಬೆ ಕೊಯ್ಲಿಗೆ ಬರುವುದು ಫೆಬ್ರುವರಿಯಿಂದ ಏಪ್ರಿಲ್ ಒಳಗೆ. ಬಾಗಲಕೋಟೆ, ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ಕಡೆಗೆ ಏರುವುದೂ ಆಗಲೇ. ಪ್ಯುನಿಕಲಾಜಿನ್, ಎಲಾಜಿಕ್ ಆಮ್ಲದಂಥ ಉತ್ಕರ್ಷಣ ನಿರೋಧಕಗಳು (ಫೀನಾಲ್ ಗುಂಪಿನ ಇವೇ ಇಲ್ಲಿ ಹೇಳುವ ಸತ್ವ) ಕಾಳಿಗಿಂತ ಸಿಪ್ಪೆಯಲ್ಲೇ ಜಾಸ್ತಿ. ಒಂದೇ ಸಾಲಿನ ಗಿಡಗಳಿಂದ ಒಂದೇ ಅಳತೆಯ ಭಗವಾ ತಳಿಯ ಹಣ್ಣು ಆರಿಸಿ, ನಾಲ್ಕು ಕಡೆ ಇಟ್ಟು ಹೋಲಿಸಿದ್ದೇವೆ.

ಕೋಣೆಯಲ್ಲಿ ಇಟ್ಟದ್ದು ಎಲ್ಲಕ್ಕಿಂತ ಮೊದಲು ಸೋತಿತು. ಹಣ್ಣು ಕೊಳೆಯಲಿಲ್ಲ, ಒಣಗಿತು: ಸಿಪ್ಪೆ ತೊಗಲಿನಂತೆ ಬಿಗಿದು, ದುಂಡಗಿನ ಹಣ್ಣಿಗೆ ಮೂಲೆಗಳು ಎದ್ದವು. ಇಲ್ಲಿ ಲೆಕ್ಕ ತಪ್ಪುವವರೇ ಹೆಚ್ಚು. ಹಸಿ ಸಿಪ್ಪೆಯ ಗ್ರಾಂ ಲೆಕ್ಕದಲ್ಲಿ ನೋಡಿದರೆ ಇದರಲ್ಲೇ ಫೀನಾಲ್ ಹೆಚ್ಚು ಎಂದು ಕಾಣುತ್ತದೆ. ಹೆಚ್ಚಾದದ್ದು ಸತ್ವವಲ್ಲ, ಕಡಿಮೆಯಾದದ್ದು ನೀರು. ಯಾವ ಹೋಲಿಕೆಯಾದರೂ ಒಣ ತೂಕದ ಮೇಲೆಯೇ ಮಾಡಬೇಕು.

ಮನೆಯ ಫ್ರಿಜ್ (4 ಡಿಗ್ರಿ ಆಸುಪಾಸು) ಚೆನ್ನಾಗಿ ಮೋಸ ಮಾಡುತ್ತದೆ. ಮೊದಮೊದಲು ಬಣ್ಣ ಗಟ್ಟಿಯಾಗಿರುತ್ತದೆ. ಚಳಿಯ ಹೊಡೆತಕ್ಕೆ ಸಿಪ್ಪೆ ತಾನೇ ಫೀನಾಲ್ ತಯಾರಿಸುವ ಕಿಣ್ವವನ್ನು ಚುರುಕುಗೊಳಿಸುವುದರಿಂದ ಪ್ರಮಾಣ ಸ್ವಲ್ಪ ಏರಲೂಬಹುದು. 5 ಡಿಗ್ರಿಗಿಂತ ಕೆಳಗೆ ತಿಂಗಳು ದಾಟಿದ ಮೇಲೆ ಕತೆಯೇ ಬೇರೆ. ಹೊರಗೆ ತೆಗೆದು ಎರಡು ಮೂರು ದಿನ ಬಿಟ್ಟರೆ ಕಂದು ಕಲೆ, ಸಣ್ಣ ಸಣ್ಣ ಕುಳಿ. ಕತ್ತರಿಸಿದರೆ ಸಿಪ್ಪೆಯೊಳಗಿನ ಬಿಳಿ ಪದರವೂ ಕಂದಾಗಿರುತ್ತದೆ. ಆ ಕಂದೇ ಸುಟ್ಟುಹೋದ ಫೀನಾಲ್: ಚಳಿಗೆ ಜೀವಕೋಶದ ಪೊರೆ ಒಡೆದು, ಫೀನಾಲನ್ನು ಕಂದಾಗಿಸುವ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ ಅದರ ಮೇಲೆ ಬಿದ್ದಿರುತ್ತದೆ.

ಕರೆಂಟ್ ಇಲ್ಲದ ಮರಳಿನ ತೊಟ್ಟಿ ನಮ್ಮ ಬೇಸಿಗೆಗೆ ಹೇಳಿ ಮಾಡಿಸಿದ್ದು. ಇಟ್ಟಿಗೆಯ ಎರಡು ಗೋಡೆ, ನಡುವೆ 7.5 ಸೆಂ.ಮೀ. ಮರಳು, ಬೆಳಿಗ್ಗೆ ಸಂಜೆ ನೀರು, ಮೇಲೆ ಒದ್ದೆ ಗೋಣಿಚೀಲ. ಒಣ ಹವೆಯಲ್ಲಿ ಹೊರಗಿಗಿಂತ 10–15 ಡಿಗ್ರಿ ಕಡಿಮೆ ಇರುತ್ತದೆ, ತೇವ ಶೇ 90ರ ಹತ್ತಿರ. ಎರಡು ಮೂರು ವಾರಕ್ಕೆ ಫ್ರಿಜ್‌ಗಿಂತ ಇದೇ ವಾಸಿ ಎನ್ನುತ್ತೇವೆ. ನೀರು ಮರಳಿಗೆ ಮಾತ್ರ ಹಾಕಿ. ಹಣ್ಣಿನ ಕಿರೀಟದೊಳಗೆ ನಿಂತರೆ ಬೂಷ್ಟು ಅಲ್ಲಿಂದಲೇ ಶುರು. ಮಳೆಗಾಲದಲ್ಲಿ ನೀರು ಆರುವುದಿಲ್ಲ, ತೊಟ್ಟಿ ತಣ್ಣಗಾಗುವುದೂ ಇಲ್ಲ.

ಎರಡು ತಿಂಗಳು ಇಡುವುದಿದ್ದರೆ 7 ಡಿಗ್ರಿ, ಶೇ 90–95 ತೇವದ ಕೋಲ್ಡ್ ಸ್ಟೋರೇಜೇ ಬೇಕು. ವಿಜಯಪುರದಲ್ಲಿ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್‌ಗಳು ಬೇಕಾದಷ್ಟಿವೆ. ಜಾಗ ಖಾಲಿ ಇದೆಯೆಂದು ಅದೇ ಕೋಣೆಗೆ ಹಣ್ಣು ಹಾಕಬೇಡಿ, ಒಣದ್ರಾಕ್ಷಿಗೆ ಬೇಕಾದ ಒಣ ಹವೆ ದಾಳಿಂಬೆಗೆ ಶತ್ರು. ಇಂಡಿ ತಾಲ್ಲೂಕಿನ ಲಿಂಬೆಯನ್ನೂ ಇದರ ಜೊತೆ ಸೇರಿಸಬೇಡಿ. ಅದಕ್ಕೆ 9–10 ಡಿಗ್ರಿ ಬೇಕು, 7ರಲ್ಲಿ ಸಿಪ್ಪೆ ಕುಳಿ ಬೀಳುತ್ತದೆ.

ಸತ್ವ ಅಂದಾಜು ಮಾಡಲು ಫೆರಿಕ್ ಕ್ಲೋರೈಡ್ (ಕಬ್ಬಿಣದ ಒಂದು ಲವಣ) ದ್ರಾವಣ ಸಾಕು. ಒಣಗಿಸಿದ ಸಿಪ್ಪೆಪುಡಿ 1 ಗ್ರಾಂ, 60 ಡಿಗ್ರಿ ಬಿಸಿಯ ನೀರು 50 ಮಿ.ಲೀ., ಅರ್ಧ ಗಂಟೆ ಬಿಟ್ಟು ಸೋಸಿ. ನಂತರ ಹತ್ತು ಪಟ್ಟು ತೆಳು ಮಾಡಲೇಬೇಕು. ಇಲ್ಲದಿದ್ದರೆ ಎಲ್ಲ ಬಾಟಲಿಯೂ ಒಂದೇ ಕಪ್ಪು ಶಾಯಿ, ವ್ಯತ್ಯಾಸ ಕಾಣದು. ಪ್ರತಿಯೊಂದಕ್ಕೂ ಫೆರಿಕ್ ಕ್ಲೋರೈಡ್‌ನ ಸಮ ಹನಿ ಹಾಕಿ, ಬಿಳಿ ಕಾಗದದ ಮುಂದೆ ನೀಲಿಗಪ್ಪಿನ ಗಾಢತೆ ನೋಡಿ. ಕಬ್ಬಿಣದ ಪಾತ್ರೆ ದೂರವಿರಲಿ, ಅದೇ ಬಣ್ಣ ಅದೂ ಕೊಡುತ್ತದೆ. ಇದು ಒಟ್ಟು ಟ್ಯಾನಿನ್‌ನ (ಒಗರು ಕೊಡುವ ಫೀನಾಲ್‌ಗಳ) ಅಂದಾಜು ಅಷ್ಟೇ. ಪ್ಯುನಿಕಲಾಜಿನ್ ಒಡೆದು ಎಲಾಜಿಕ್ ಆಮ್ಲವಾಗಿದ್ದರೆ ಇದಕ್ಕೆ ಗೊತ್ತಾಗದು.

ಸಿಪ್ಪೆಯಷ್ಟೇ ಬೇಕಾದವರು ಹಣ್ಣನ್ನು ಯಾಕೆ ದಿನಗಟ್ಟಲೆ ಇಡಬೇಕು? ಸುಲಿದ ದಿನವೇ ಸಿಪ್ಪೆಯನ್ನು ಬೆರಳಗಲ ಸೀಳಿ, 50 ಡಿಗ್ರಿ ಡ್ರೈಯರ್‌ನಲ್ಲಿ ಅಥವಾ ಗಾಳಿಯಾಡುವ ನೆರಳಿನಲ್ಲಿ ತೆಳುವಾಗಿ ಹರಡಿ. ರಾಶಿ ಹಾಕಿದರೆ ಒಣಗುವ ಮೊದಲೇ ಕಂದಾಗುತ್ತದೆ. ಬಿಸಿಲಿಗಿಟ್ಟರೆ ಕೆಂಪಿನ ಆಂಥೋಸಯಾನಿನ್ ಹೋಗುತ್ತದೆ. ಮುರಿದಾಗ ಪಟ್ ಎಂದರೆ ಒಣಗಿದೆ ಎಂದರ್ಥ. ಪುಡಿ ಮಾಡದೆ ತುಂಡುಗಳನ್ನೇ ಗಾಳಿ ಹೋಗದ ಸ್ಟೀಲ್ ಡಬ್ಬಿಯಲ್ಲಿಟ್ಟು, ಬೇಕಾದಾಗ ಬೇಕಾದಷ್ಟು ಅರೆದುಕೊಳ್ಳಿ.