ಆಕ್ಸೆಸ್ ರನ್‌ಟೈಮ್: ಕೋಲ್ಡ್ ಸ್ಟೋರೇಜ್ ಲೆಕ್ಕಕ್ಕೆ ಸಾಕು, ಕೂರಿಸುವವರು ಬಲ್ಲವರಾಗಿರಬೇಕು

ವಿಜಯಪುರದ ಹತ್ತಿರ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಲೆಕ್ಕ ನೋಡಿಕೊಳ್ಳುವವಳು ನಾನು. ರೈತರ ಆವಕ, ಜಾವಕ, ಬಾಡಿಗೆ ಎಲ್ಲವೂ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ಪ್ರೋಗ್ರಾಮ್‌ನಲ್ಲಿ ಬರೆಸಿಕೊಂಡ ಸಾಫ್ಟ್‌ವೇರ್‌ನಲ್ಲಿವೆ. "ಆಕ್ಸೆಸ್ ಹಳೇದಾತ್ರಿ, ಬಿಟ್ಟಬಿಡ್ರಿ" ಅನ್ನುವವರು ಬಹಳ ಮಂದಿ. ನನ್ನ ಅಭಿಪ್ರಾಯ ಬೇರೆ. ಒಂದೇ ಕಟ್ಟಡದಲ್ಲಿ ನಾಲ್ಕೈದು ಕಂಪ್ಯೂಟರ್ ಇರುವ ಕಚೇರಿಗೆ ಇವತ್ತಿಗೂ ಇದು ಗಟ್ಟಿ ಸರಕು.

ಪೂರ್ತಿ ಆಕ್ಸೆಸ್ ಬೇಕಾಗುವುದು ಬರೆದುಕೊಡುವವರಿಗೆ ಮಾತ್ರ. ನಮ್ಮಂಥ ಬಳಸುವವರಿಗೆ, ಬರೆದದ್ದನ್ನು ಓಡಿಸಲಷ್ಟೇ ಬರುವ ರನ್‌ಟೈಮ್ ಪುಕ್ಕಟೆ ಸಿಗುತ್ತದೆ. ಯೂನಿಕೋಡ್ ಇರುವುದರಿಂದ ರೈತರ ಹೆಸರು ಕನ್ನಡದಲ್ಲೇ ಟೈಪ್ ಮಾಡುತ್ತೇವೆ, ರಸೀದಿಯೂ ಕನ್ನಡದಲ್ಲೇ ಬರುತ್ತದೆ. ಲೆಕ್ಕವೆಲ್ಲ ಕೂಡಿರುವ ಡೇಟಾ ಫೈಲ್ 2 ಜಿಬಿ ದಾಟುವಂತಿಲ್ಲ ಎಂಬ ಮಿತಿಯಿದೆ. ಫೋಟೋ ತುಂಬದೆ ಬರೀ ಲೆಕ್ಕ ಇಟ್ಟರೆ ನಮ್ಮಂಥವರು ಅದರ ಹತ್ತಿರಕ್ಕೂ ಹೋಗುವುದಿಲ್ಲ.

ನಮ್ಮಲ್ಲಿ ಎಡವಟ್ಟಾದದ್ದು ಕೂರಿಸಿದ ರೀತಿಯಲ್ಲಿ. ಹೊಸ ಆವೃತ್ತಿ ಹಾಕಿಹೋದ ಮೇಲೆ ಡೆಸ್ಕ್‌ಟಾಪ್ ಮೇಲೆ ಎರಡು ಐಕಾನ್ ಕಾಣಿಸಿಕೊಂಡವು. ಹೆಸರು ಒಂದೇ, ಚಿತ್ರ ಒಂದೇ. ಹಾಕಿಹೋದವರಿಗೆ ಫೋನ್ ಮಾಡಿದರೆ, "ಒಂದ್ ಡಿಲೀಟ್ ಮಾಡ್ರಿ ಅಕ್ಕಾರ, ಏನೂ ಆಗೂದಿಲ್ಲ" ಅಂದರು. ಮಾರ್ಚ್-ಏಪ್ರಿಲ್ ಅಂದರೆ ದ್ರಾಕ್ಷಿ ಒಣಗಿಸುವ ಶೆಡ್‌ಗಳಿಂದ ಮಾಲು ಬರುವ ಕಾಲ, ಗೇಟಿನಲ್ಲಿ ಗಾಡಿ ಸಾಲು. ಯಾರಿಗೆ ಯಾವ ಐಕಾನ್ ಕೈಗೆ ಸಿಕ್ಕಿತೋ ಅದನ್ನೇ ಒತ್ತಿ ಕೆಲಸ ಸಾಗಿತ್ತು.

ಗೊತ್ತಾದದ್ದು ಒಬ್ಬ ರೈತರು ಮಹಾರಾಷ್ಟ್ರದ ತಾಸಗಾಂವ್ ಮಾರುಕಟ್ಟೆಗೆ ಒಯ್ಯಲು ಮಾಲು ಬಿಡಿಸಿಕೊಳ್ಳಲು ಬಂದಾಗ. ಅವರ ರಸೀದಿ ನಂಬರ್ ಹೊಡೆದರೆ ಪರದೆಯ ಮೇಲೆ ಬೇರೆ ಊರಿನ ಬೇರೆ ರೈತರ ಹೆಸರು. "ಅಕ್ಕಾರ, ನನ್ನ ಮಾಲ್ ಎಲ್ಲಿ ಹೋತ್ರಿ?" ಎಂದು ಅವರು ಕೇಳಿದ ದನಿ ಇನ್ನೂ ಕಿವಿಯಲ್ಲಿದೆ. ವರ್ಷದ ದುಡಿಮೆ ಆ ಬಾಕ್ಸ್‌ಗಳಲ್ಲಿರುತ್ತದೆ. ಅದೇ ರಸೀದಿಯ ಮೇಲೆ ಸಾಲ ಎತ್ತಿದವರೂ ಇರುತ್ತಾರೆ.

ಸ್ಟೇಷನ್ ರಸ್ತೆಯ ಕಡೆಯ ಸಣ್ಣ ಸರ್ವಿಸ್ ಅಂಗಡಿಯ ಹುಡುಗನೊಬ್ಬನನ್ನು ಕರೆಸಿದೆವು. ಅವನು ಯಾವುದನ್ನೂ ಅಳಿಸಲಿಲ್ಲ. ಒಂದೊಂದು ಐಕಾನ್ ಮೇಲೂ ಬಲಗಡೆಯ ಬಟನ್ ಒತ್ತಿ, ಪ್ರಾಪರ್ಟೀಸ್ ತೆಗೆದು, ಐಕಾನ್ ಯಾವ ಫೈಲನ್ನು ತೆರೆಯುತ್ತದೆ ಎಂದು ತೋರಿಸುವ ಟಾರ್ಗೆಟ್ ಸಾಲನ್ನು ಹಾಳೆಯ ಮೇಲೆ ಬರೆದುಕೊಂಡ. ಒಂದು ಐಕಾನ್ ಸಿ ಡ್ರೈವಿನ ಹೊಸ ಪ್ರತಿಯನ್ನು ತೆರೆಯುತ್ತಿತ್ತು. ಇನ್ನೊಂದು ಸರ್ವರ್‌ನಲ್ಲಿ ಪರೀಕ್ಷೆಗೆಂದು ಇಟ್ಟು ಮರೆತಿದ್ದ ಹಳೆಯ ಪ್ರತಿಯನ್ನು. ಹಳೆಯದಕ್ಕೆ ಅದರದೇ ಡೇಟಾ ಫೈಲ್. ರಸೀದಿ ನಂಬರನ್ನು ಆಕ್ಸೆಸ್ ತಾನೇ ಕೊಡುವ ಆಟೋನಂಬರ್‌ಗೆ ಬಿಟ್ಟಿದ್ದರಿಂದ ಎರಡೂ ಫೈಲುಗಳು ಒಂದೇ ಅಂಕಿಯಿಂದ ಎಣಿಸಿಕೊಂಡು ಹೋಗಿದ್ದವು. ಒಂದೇ ನಂಬರಿಗೆ ಇಬ್ಬಿಬ್ಬರು ರೈತರು! ಅವತ್ತು ಒಂದು ಐಕಾನ್ ಅಳಿಸಿದ್ದರೆ ಅರ್ಧ ಆವಕ ಕಣ್ಣಿಗೇ ಬೀಳುತ್ತಿರಲಿಲ್ಲ.

ನಮ್ಮನ್ನು ಉಳಿಸಿದ್ದು ಗೇಟಿನ ಕಾರ್ಬನ್ ಪುಸ್ತಕ. ಹಳೆಯ ಫೈಲಿನ ಸಾಲುಗಳನ್ನು ಹೊಸದಕ್ಕೆ ಸೇರಿಸುವಾಗ ಹೊಸ ನಂಬರ್ ಕೊಟ್ಟು, ಹಳೆಯ ನಂಬರಿಗೆ ಬೇರೆ ಕಾಲಂ ಇಟ್ಟರು. ರೈತರ ಹೆಸರು, ಚೇಂಬರ್, ಬಾಕ್ಸ್, ತೂಕ ಎಲ್ಲವನ್ನೂ ಕಾರ್ಬನ್ ಪ್ರತಿಯ ಜೊತೆ ನಾನೇ ಕೂತು ತಾಳೆ ನೋಡಿದೆ. ಕೇಳಿ ಬಂದಿದ್ದ ಆ ರೈತರ ಮಾಲು ಇಟ್ಟ ಚೇಂಬರ್‌ನಲ್ಲೇ ಇತ್ತು.

ಎರಡು ಐಕಾನ್ ಯಾಕೆ ಬಂದವು? ವಿಂಡೋಸ್ ತೋರಿಸುವ ಡೆಸ್ಕ್‌ಟಾಪ್ ಎರಡು ಫೋಲ್ಡರ್‌ಗಳ ಕೂಡಿಕೆ. ಬಳಸುವವರ ಹೆಸರಿನದು ಒಂದು, ಎಲ್ಲರಿಗೂ ಸೇರಿದ ಪಬ್ಲಿಕ್ ಡೆಸ್ಕ್‌ಟಾಪ್ ಇನ್ನೊಂದು. ಮೊದಲ ಸಲ ಕೈಯಿಂದ ಮಾಡಿದ ಶಾರ್ಟ್‌ಕಟ್ ಬಳಸುವವರ ಫೋಲ್ಡರ್‌ನಲ್ಲಿ ಕೂತಿತ್ತು. ಎರಡನೇ ಸಲ, ಆಜ್ಞೆಗಳನ್ನು ಬರೆದಿಟ್ಟು ಓಡಿಸುವ ಬ್ಯಾಚ್ ಫೈಲ್ ಪಬ್ಲಿಕ್‌ನಲ್ಲಿ ಇನ್ನೊಂದನ್ನು ಇಟ್ಟಿತು. ಜಾಗ ಬೇರೆಯಾದ್ದರಿಂದ ಹೊಸದು ಹಳೆಯದರ ಮೇಲೆ ಬೀಳಲಿಲ್ಲ. ಪಬ್ಲಿಕ್‌ನದನ್ನು ಅಳಿಸಹೋದರೆ ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳುತ್ತದೆ, ಗುರುತು ಹಿಡಿಯಲು ಅದೇ ಸುಲಭ.

ತೂಕದ ಕಾಟಾದ ಕಂಪ್ಯೂಟರ್‌ನದು ಇನ್ನೊಂದು ಕಥೆ. ಅಲ್ಲಿಗೂ ಆಫೀಸಿಗೂ ಒಂದೇ ಮೈಕ್ರೋಸಾಫ್ಟ್ ಖಾತೆ, ಎರಡರಲ್ಲೂ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್ ಡೆಸ್ಕ್‌ಟಾಪನ್ನು ಬ್ಯಾಕಪ್ ಮಾಡುತ್ತಿತ್ತು. ಹಾಗಾಗಿ ಎರಡು ಕಂಪ್ಯೂಟರ್‌ಗಳ ಡೆಸ್ಕ್‌ಟಾಪ್ ಒಂದರಲ್ಲೊಂದು ಬೆರೆತು, ಹೆಸರಿನ ಕೊನೆಗೆ ಕಂಪ್ಯೂಟರ್ ಹೆಸರು ಅಂಟಿಸಿಕೊಂಡ ಶಾರ್ಟ್‌ಕಟ್ ಮತ್ತೆ ಮತ್ತೆ ಬರುತ್ತಿತ್ತು. ಖಾತೆ ಬೇರೆ ಮಾಡಿದರು, ಡೆಸ್ಕ್‌ಟಾಪ್ ಬ್ಯಾಕಪ್ ನಿಲ್ಲಿಸಿದರು, ಸುಮ್ಮನಾಯಿತು.

ಈಗಿನ ಏರ್ಪಾಡು ನನಗೆ ಪೂರ್ತಿ ಒಪ್ಪಿಗೆ. ಡೇಟಾ ಫೈಲ್ ಸರ್ವರ್‌ನಲ್ಲಿ ಒಂದೇ. ಅದರ ದಾರಿ ಡ್ರೈವ್ ಅಕ್ಷರದಿಂದಲ್ಲ, ಸರ್ವರ್ ಹೆಸರಿನಿಂದ ಶುರುವಾಗುತ್ತದೆ. ನಾವು ಟೈಪ್ ಮಾಡುವ ಪರದೆಗಳಿರುವ ಫೈಲಿನ ಪ್ರತಿ ಒಂದೊಂದು ಕಂಪ್ಯೂಟರ್‌ನಲ್ಲೂ ಬೇರೆ ಬೇರೆ ಇದೆ. ಅದೊಂದನ್ನೇ ಎಲ್ಲರೂ ಸರ್ವರ್‌ನಿಂದ ತೆರೆದರೆ ಕೆಡುವ ಸಂಭವ ಹೆಚ್ಚು. ಶಾರ್ಟ್‌ಕಟ್ ಪಬ್ಲಿಕ್ ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಇದೆ, ಹೆಸರಿನಲ್ಲಿ ಆವೃತ್ತಿ ಸಂಖ್ಯೆ ಇಲ್ಲ. ಅದನ್ನು ಒತ್ತಿದರೆ ಬ್ಯಾಚ್ ಫೈಲ್ ಓಡಿ ಹೊಸ ಪ್ರತಿ ತಂದುಕೊಂಡು ತೆರೆಯುತ್ತದೆ. ಟಾಸ್ಕ್‌ಬಾರ್‌ಗೆ ಪಿನ್ ಮಾಡಿದ್ದ ಹಳೆಯವನ್ನೂ ಆ ಹುಡುಗ ಹುಡುಕಿ ತೆಗೆದ. ಡೆಸ್ಕ್‌ಟಾಪ್‌ನದನ್ನು ಅಳಿಸಿದರೂ ಪಿನ್ ಹಾಗೇ ಉಳಿಯುತ್ತದೆ, ಬಹಳ ಜನ ಅಲ್ಲಿ ಕಣ್ಣು ಹಾಯಿಸುವುದೇ ಇಲ್ಲ. ಪರೀಕ್ಷೆಯ ಫೋಲ್ಡರ್ ಈಗ ನಕಲು ಮಾಡಿಟ್ಟುಕೊಂಡು, ಎಲ್ಲರೂ ತೆರೆಯಬಹುದಾದ ಸರ್ವರ್ ಜಾಗದಿಂದ ತೆಗೆದಾಗಿದೆ.

ಆಕ್ಸೆಸ್ ಕೊಳ್ಳುವವರಿಗೆ, ಬರೆಸುವವರಿಗೆ ನಾನು ಹೇಳುವುದು: ಹಣ ಕೊಡುವ ಮುಂಚೆ ಪ್ರತಿ ಕಂಪ್ಯೂಟರ್ ಎದುರು ಕೂತು ಟಾರ್ಗೆಟ್ ಸಾಲು ತೋರಿಸಿರಿ ಎಂದು ಕೇಳಿ. ವೈಫೈ ಮೇಲೆ ಬೇಡ, ಕೇಬಲ್ ಎಳೆಸಿ. ನಡುವೆ ಸಂಪರ್ಕ ಕಡಿದರೆ ಡೇಟಾ ಫೈಲ್ ಕೆಡಬಹುದು. ಸರ್ವರ್‌ಗೂ ನೆಟ್‌ವರ್ಕ್ ಸ್ವಿಚ್‌ಗೂ ಯುಪಿಎಸ್ ಬೇಕು. ಡೇಟಾ ಫೈಲನ್ನು ಒನ್‌ಡ್ರೈವ್ ಫೋಲ್ಡರ್‌ನಲ್ಲಿ ಇಡಲೇಬೇಡಿ. ನಮ್ಮ ಮಾಲೀಕರು ತಿಕೋಟಾ ಕಡೆ ಇನ್ನೊಂದು ಘಟಕ ತೆಗೆದು ಅಲ್ಲಿಂದಲೂ ಇದೇ ಫೈಲ್ ತೆರೆಯುವ ಯೋಚನೆಯಲ್ಲಿದ್ದಾರೆ. ಅದಕ್ಕೆ ಮಾತ್ರ ನನ್ನ ವಿರೋಧವಿದೆ. ಇಂಟರ್ನೆಟ್ ಮೇಲೆ ಇದು ನಡೆಯದು. ಪರದೆಗಳನ್ನು ಹೀಗೇ ಇಟ್ಟುಕೊಂಡು ಡೇಟಾವನ್ನು ಮೈಕ್ರೋಸಾಫ್ಟ್‌ನ ದೊಡ್ಡ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್‌ಗೆ ಸಾಗಿಸಬಹುದು, ಆ ಖರ್ಚಿನ ಅಂದಾಜು ಮೊದಲು ತರಿಸಿರಿ ಎಂದು ಅವರಿಗೆ ಹೇಳಿದ್ದೇನೆ.