ಬಳ್ಳಾರಿಯ ಗದ್ದಲದಲ್ಲಿ ಐಕಾಮ್ ಐಸಿ-7300: ಎಜಿಸಿ ಹೊಂದಿಸಿಕೊಂಡರೆ ಸಿಗುವುದೇನು?

ಐಕಾಮ್ ಕಂಪನಿಯ ಐಸಿ-7300 ಹ್ಯಾಮ್ (ಹವ್ಯಾಸಿ ರೇಡಿಯೋ) ಸೆಟ್ಟಿನ ಮಾತು ಬಂದಾಗ ಮೊದಲು ಹೊಗಳಿಕೆ ಸಲ್ಲುವುದು ಅದರ ಬಣ್ಣದ ಪರದೆಗೆ ಮತ್ತು ಇಡೀ ಬ್ಯಾಂಡನ್ನು (ತರಂಗಾಂತರಗಳ ಒಂದು ಪಟ್ಟಿಯನ್ನು) ಕಣ್ಣಿಗೆ ಕಟ್ಟುವ ವಾಟರ್‌ಫಾಲ್ ಚಿತ್ರಕ್ಕೆ. ಆ ಹೊಗಳಿಕೆ ನ್ಯಾಯವಾದದ್ದೇ. ಆದರೂ ಬಳ್ಳಾರಿಯಲ್ಲಿ ಕುಳಿತು 40 ಮೀಟರ್ ಬ್ಯಾಂಡನ್ನು ಹೆಡ್‌ಫೋನಿನಲ್ಲಿ ದಿನವೂ ಕೇಳುವ ನನ್ನಂಥವರಿಗೆ ಈ ಸೆಟ್ಟು ಹೆಚ್ಚು ಉಪಕಾರ ಮಾಡಿರುವುದು ತನ್ನ ಎಜಿಸಿಯನ್ನು, ಎಂದರೆ ಗೇನನ್ನು (ಸಂಕೇತವನ್ನು ವರ್ಧಿಸುವ ಪ್ರಮಾಣವನ್ನು) ತಾನಾಗಿಯೇ ಏರಿಳಿಸುವ ವ್ಯವಸ್ಥೆಯನ್ನು, ನಮ್ಮ ಕೈಗೆ ಬಿಟ್ಟುಕೊಟ್ಟಿರುವುದರಿಂದ. ಕಾರ್ಖಾನೆಯಿಂದ ಬಂದ ಅಳತೆಗಳಲ್ಲೇ ಅದನ್ನು ಬಳಸುತ್ತಿರುವವರು ಕೊಟ್ಟ ಹಣಕ್ಕೆ ತಕ್ಕ ಫಲವನ್ನು ಇನ್ನೂ ಪೂರ್ತಿ ಪಡೆದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಜಿಸಿ ಏಕೆ ಬೇಕು ಎಂಬುದಕ್ಕೆ ಒಂದು ಲೆಕ್ಕ ಸಾಕು. ಸಂಕೇತದ ಬಲ ತೋರಿಸುವ ಎಸ್ ಮೀಟರಿನಲ್ಲಿ ಎಸ್9 ಎಂದರೆ, ಶಾರ್ಟ್‌ವೇವ್‌ನಲ್ಲಿ, ಆಂಟೆನಾದಿಂದ ಬರುವ 50 ಮೈಕ್ರೋವೋಲ್ಟ್. ಅದರ ಕೆಳಗಿನ ಒಂದೊಂದು ಮೆಟ್ಟಿಲಿಗೂ 6 ಡೆಸಿಬೆಲ್ ಇಳಿತ. ಊರಿನಲ್ಲೇ ಇರುವ ಸ್ಟೇಷನ್ ಎಸ್9ರ ಮೇಲೆ 40 ಡೆಸಿಬೆಲ್ ಬಲದಲ್ಲಿ ಮಾತಾಡಿ ಮುಗಿಸಿದ ಮರುಕ್ಷಣವೇ ದೂರದ ಒಬ್ಬರು ಎಸ್3ರಲ್ಲಿ ಉತ್ತರಿಸಿದರೆ, ಇಬ್ಬರ ನಡುವಿನ ಅಂತರ 76 ಡೆಸಿಬೆಲ್, ವೋಲ್ಟೇಜಿನಲ್ಲಿ ಹೇಳುವುದಾದರೆ ಸುಮಾರು 6,300 ಪಟ್ಟು. ಇಷ್ಟು ದೊಡ್ಡ ಅಂತರವನ್ನು ವಾಲ್ಯೂಮ್ ತಿರುಗಿಸುತ್ತಾ ಸರಿದೂಗಿಸುವುದು ಯಾರಿಂದಲೂ ಆಗದು. ಬಲವಾದ ಸಂಕೇತ ಬಂದೊಡನೆ ಎಜಿಸಿ ಗೇನನ್ನು ತಗ್ಗಿಸುತ್ತದೆ, ಸಂಕೇತ ನಿಂತ ಮೇಲೆ ಮತ್ತೆ ಏರಿಸುತ್ತದೆ. ತಗ್ಗಿಸುವ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ; ಏರಲು ಎಷ್ಟು ಹೊತ್ತು ಹಿಡಿಯಬೇಕು ಎಂಬುದನ್ನು ಮಾತ್ರ ಈ ಸೆಟ್ಟಿನಲ್ಲಿ ನಾವು ನಿರ್ಧರಿಸಬಹುದು.

ಅದಕ್ಕಾಗಿ ಫಂಕ್ಷನ್ ಗುಂಡಿ ಒತ್ತಿ, ಪರದೆಯ ಮೇಲಿನ ಎಜಿಸಿ ಚೌಕವನ್ನು ಮುಟ್ಟಿದರೆ ಫಾಸ್ಟ್, ಮಿಡ್, ಸ್ಲೋ ಎಂಬ ಮೂರು ಆಯ್ಕೆಗಳು ಒಂದಾದ ಮೇಲೊಂದು ಬರುತ್ತವೆ. ಅದೇ ಚೌಕದ ಮೇಲೆ ಒಂದು ಸೆಕೆಂಡ್ ಬೆರಳಿಟ್ಟರೆ ಮೂರರ ಅವಧಿಯನ್ನೂ ಬದಲಿಸುವ ಪುಟ ತೆರೆಯುತ್ತದೆ. ಮಾತಿಗೆ ಬಳಸುವ ಎಸ್‌ಎಸ್‌ಬಿಯಲ್ಲಿ ಕಾರ್ಖಾನೆಯ ಅಳತೆಗಳು ಕ್ರಮವಾಗಿ 0.3, 2.0 ಮತ್ತು 6.0 ಸೆಕೆಂಡ್, ಮೋರ್ಸ್ ಸಂಕೇತದ ಸಿಡಬ್ಲ್ಯುನಲ್ಲಿ 0.1, 0.5 ಮತ್ತು 1.2 ಸೆಕೆಂಡ್. ಪ್ರತಿ ಮೋಡ್‌ಗೂ (ಪ್ರಸಾರ ವಿಧಾನಕ್ಕೂ) ಬೇರೆ ಬೇರೆ ಅಳತೆ ಇಡಲು ಅವಕಾಶವಿರುವುದು ಬಹಳ ಒಳ್ಳೆಯದಾಗಿದೆ, ಏಕೆಂದರೆ ಮಾತಿಗೆ ಒಗ್ಗುವ ಅವಧಿ ಮೋರ್ಸಿಗೆ ಒಗ್ಗುವುದಿಲ್ಲ. ಎಜಿಸಿಯನ್ನು ಪೂರ್ತಿ ಆಫ್ ಮಾಡಲೂ ಬರುತ್ತದೆ. ಆಗ ಎಸ್ ಮೀಟರ್ ಕೆಲಸ ಮಾಡುವುದಿಲ್ಲ, ಹೆಡ್‌ಫೋನ್ ಕಿವಿಯಲ್ಲಿದ್ದರೆ ವಾಲ್ಯೂಮ್ ತಗ್ಗಿಸಿಕೊಂಡೇ ಆ ಕೆಲಸಕ್ಕೆ ಕೈಹಾಕಬೇಕು.

ಇನ್ನು ನಮ್ಮ ಊರಿನ ವಿಚಾರ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮೋಡ ಕಟ್ಟಿತೆಂದರೆ 40 ಮೀಟರ್ ಮತ್ತು 80 ಮೀಟರ್ ಬ್ಯಾಂಡುಗಳಲ್ಲಿ ಸಿಡಿಲಿನ ಚಟಚಟ ಶುರುವಾಗುತ್ತದೆ. ಮಿಂಚಿನ ಒಂದು ಸಿಡಿತ ಕ್ಷಣಮಾತ್ರದ್ದು. ಆದರೆ ಸ್ಲೋ 6.0ರಲ್ಲಿದ್ದರೆ ಆ ಒಂದು ಕ್ಷಣಕ್ಕೆ ತಗ್ಗಿದ ಗೇನ್ ಸೆಕೆಂಡುಗಟ್ಟಲೆ ಮೇಲೇಳುವುದಿಲ್ಲ. ಎದುರಿನವರು ಊರು ಹೇಳಿ, ಹೆಸರು ಹೇಳಿ, ಸಿಗ್ನಲ್ ರಿಪೋರ್ಟ್ ಕೊಟ್ಟು ಮುಗಿಸಿರುತ್ತಾರೆ, ನಮಗೆ ಕೇಳಿಸಿರುವುದು ಬರೀ ಮೌನ. "ಓಎಂ (ಗೆಳೆಯರೇ), ಕಾಲ್‌ಸೈನ್ (ಸ್ಟೇಷನ್ನಿನ ಗುರುತು) ಸಿಕ್ಕಿತು, ಹೆಸರು ಇನ್ನೊಂದು ಸಲ ಹೇಳಿ" ಎಂದು ಮತ್ತೆ ಮತ್ತೆ ಕೇಳಬೇಕಾಗುತ್ತದೆ. ನಾನು ಎಸ್‌ಎಸ್‌ಬಿಯ ಸ್ಲೋ ಅನ್ನು 3.0ಕ್ಕೂ ಮಿಡ್ ಅನ್ನು 1.2ಕ್ಕೂ ಇಳಿಸಿ, ಫಾಸ್ಟ್ ಅನ್ನು 0.3ರಲ್ಲೇ ಬಿಟ್ಟಿದ್ದೇನೆ. ಗುಡುಗಿನ ಸಂಜೆ ಫಾಸ್ಟ್, ಸಾಮಾನ್ಯ ದಿನಕ್ಕೆ ಮಿಡ್, ಬ್ಯಾಂಡ್ ಶಾಂತವಾಗಿರುವ ಮುಂಜಾನೆ ಬಲವಾದ ಸ್ಟೇಷನ್‌ಗಳ ನೆಟ್ (ಹಲವರು ಸೇರಿ ನಡೆಸುವ ಮಾತುಕತೆ) ಕೇಳಲು ಸ್ಲೋ. ಫಾಸ್ಟ್‌ನಲ್ಲಿ ಮಾತು ಮಾತಿನ ನಡುವೆ ಹಿನ್ನೆಲೆಯ ಸದ್ದು ನುಗ್ಗುವುದು ನಿಜ, ಆದರೆ ಅಕ್ಷರ ಕಳೆದುಹೋಗುವುದಿಲ್ಲ.

ಮನುಷ್ಯರು ಹುಟ್ಟಿಸಿದ ಗದ್ದಲದ ಬಗೆ ಬೇರೆ. ಜೀನ್ಸ್ ಹೊಲಿಯುವ ಘಟಕಗಳಿರುವ ಬೀದಿಗಳ ಹತ್ತಿರ ಮನೆಯಿದ್ದವರಿಗೆ ಹೊಲಿಗೆ ಯಂತ್ರಗಳ ಸರ್ವೋ ಮೋಟಾರು, ಅಗ್ಗದ ಎಲ್‌ಇಡಿ ದೀಪ, ಮನೆಮನೆಯ ಇನ್ವರ್ಟರ್ ಇವೆಲ್ಲ ಸೇರಿದ ಸದ್ದು ಹಗಲೆಲ್ಲ ಮೀಟರನ್ನು ಮೇಲೆತ್ತಿ ಹಿಡಿದಿರುತ್ತದೆ. ಒಣಹವೆಯಲ್ಲಿ ಧೂಳು ಕೂತ ವಿದ್ಯುತ್ ಕಂಬಗಳಿಂದ ಬರುವ ಗುರ್ ಎನ್ನುವ ಸದ್ದು ಅದಕ್ಕೆ ಸೇರುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಸೆಕೆಂಡಿಗೆ 100 ಸಲ ಮಿಡಿಯುವ ಈ ಕೊನೆಯ ಸದ್ದನ್ನು ನಾಯ್ಸ್ ಬ್ಲಾಂಕರ್ ಚೆನ್ನಾಗಿ ಕತ್ತರಿಸುತ್ತದೆ. ಮಿಡಿತವು ಎಜಿಸಿಯನ್ನು ತಲುಪುವ ಮೊದಲೇ ಕತ್ತರಿಸಿಹೋಗುವುದರಿಂದ ಗೇನ್ ವೃಥಾ ಕುಸಿಯುವುದಿಲ್ಲ. ಬ್ಲಾಂಕರ್ ಮಟ್ಟವನ್ನು ಅತಿಯಾಗಿ ಏರಿಸಿದರೆ ಮಾತ್ರ ಬಲವಾದ ಸ್ಟೇಷನ್‌ಗಳ ದನಿ ಒಡೆಯುತ್ತದೆ.

ಉಳಿದ ಸತತ ಸದ್ದಿಗೆ ಮದ್ದು ಆರ್‌ಎಫ್ ಗೇನ್, ಎಂದರೆ ರಿಸೀವರಿನ ಗೇನನ್ನು ಕೈಯಿಂದ ಏರಿಳಿಸುವ ಹೊಂದಾಣಿಕೆ. ಇದನ್ನು ಪ್ರತಿಯೊಬ್ಬರೂ ಒಮ್ಮೆ ಮಾಡಿ ನೋಡಬೇಕು. ಮೊದಲು ಪ್ರೀಆಂಪ್ (ಆಂಟೆನಾದ ಸಂಕೇತವನ್ನು ಮೊದಲೇ ವರ್ಧಿಸುವ ಭಾಗ) ಆಫ್ ಮಾಡಿ. 40 ಮೀಟರಿನಲ್ಲಿ ಬ್ಯಾಂಡಿನ ಸದ್ದೇ ರಿಸೀವರಿನ ಸ್ವಂತ ಸದ್ದಿಗಿಂತ ಬಹಳ ಹೆಚ್ಚಿರುವುದರಿಂದ ಅದು ಗದ್ದಲವನ್ನೇ ದೊಡ್ಡದು ಮಾಡುತ್ತದೆ. ಯಾರೂ ಮಾತಾಡದ ಕಡೆ ನಿಂತು ಮೀಟರ್ ನೋಡಿ. ಗದ್ದಲ ಎಸ್6 ತೋರಿಸುತ್ತಿದೆ ಎಂದುಕೊಳ್ಳೋಣ. ಎಎಫ್ (ವಾಲ್ಯೂಮ್) ಗುಂಡಿಯ ಹೊರಬಳೆಯಾಗಿರುವ ಆರ್‌ಎಫ್ ಗೇನನ್ನು ನಿಧಾನವಾಗಿ ಎಡಕ್ಕೆ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಮೀಟರಿನ ಪಟ್ಟಿ ತಾನಾಗಿ ಮೇಲೇರಿ ನಿಲ್ಲುತ್ತದೆ. ಅದು ಎಸ್6ರಿಂದ ಎಸ್7ರ ನಡುವೆ ನಿಲ್ಲುವಂತೆ ಇಟ್ಟುಬಿಡಿ. ಅದಕ್ಕಿಂತ ಕೆಳಗಿನದಕ್ಕೆ ಗೇನ್ ಪೂರ್ತಿ ಏರುವುದೇ ಇಲ್ಲ, ಹಾಗಾಗಿ ಎದುರಿನವರು ಉಸಿರೆಳೆದುಕೊಳ್ಳುವ ಬಿಡುವಿನಲ್ಲಿ ಭೋರ್ ಎಂದು ನುಗ್ಗುತ್ತಿದ್ದ ಸದ್ದು ತಗ್ಗುತ್ತದೆ. ಅದಕ್ಕಿಂತ ಮೇಲಿನ ಸ್ಟೇಷನ್‌ಗಳಿಗೆ ಎಜಿಸಿ ಎಂದಿನಂತೆ ದುಡಿಯುತ್ತದೆ. ದೀರ್ಘ ನೆಟ್ ಮುಗಿದ ಮೇಲೂ ತಲೆ ಹಗುರವಾಗಿರುವುದಕ್ಕೆ ಈ ಒಂದು ತಿರುವೇ ಕಾರಣ.

ಸಿಡಬ್ಲ್ಯುನಲ್ಲಿ ಕಾರ್ಖಾನೆಯ ಅಳತೆಗಳು ನನಗೆ ಸರಿಹೊಂದಿವೆ. ನಿಮಿಷಕ್ಕೆ 20 ಪದಗಳ ವೇಗದಲ್ಲಿ ಒಂದು ಚುಕ್ಕೆಯ ಅವಧಿ 60 ಮಿಲಿಸೆಕೆಂಡ್, 0.1 ಸೆಕೆಂಡಿನ ಫಾಸ್ಟ್‌ನಲ್ಲಿ ಪದಗಳ ನಡುವೆ ಗೇನ್ ಮರಳಿ, ಕರೆಯುತ್ತಿರುವ ಕ್ಷೀಣ ಸ್ಟೇಷನ್ ಕಿವಿಗೆ ಬೀಳುತ್ತದೆ. 2017ರಲ್ಲಿ ಬಂದ, ಕಂಪ್ಯೂಟರಿನ ಮೂಲಕ ಸಂದೇಶ ಕಳಿಸುವ ಎಫ್‌ಟಿ8 ವಿಧಾನ ಬಳಸುವವರು ಸ್ಲೋ ಇಡಲೇಬಾರದು. ಅಲ್ಲಿ ಹತ್ತಾರು ಸ್ಟೇಷನ್‌ಗಳು ಒಂದೇ ಕಿಂಡಿಯಲ್ಲಿ ಒಟ್ಟಿಗೆ ಬರುವುದರಿಂದ ಊರಿನ ಒಂದು ಬಲವಾದ ಸ್ಟೇಷನ್ ಎಜಿಸಿಯನ್ನು ಒತ್ತಿಹಿಡಿದರೆ ಉಳಿದವರೆಲ್ಲ ಅದರ ಜೊತೆಗೇ ಕುಸಿಯುತ್ತಾರೆ. ಫಾಸ್ಟ್ ಇಟ್ಟು ಆರ್‌ಎಫ್ ಗೇನ್ ತಗ್ಗಿಸುವುದು ಉತ್ತಮ.

ಕೊರತೆ ಹೇಳಬೇಕೆಂದರೆ, ಎಜಿಸಿ ಯಾವ ಮಟ್ಟದಿಂದ ಕೆಲಸ ಆರಂಭಿಸಬೇಕು, ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂಬುದನ್ನು ಬದಲಿಸುವ ಅವಕಾಶ ಇದರಲ್ಲಿಲ್ಲ. ಎಲೆಕ್ರಾಫ್ಟ್ ಕಂಪನಿಯ ಕೆ3 ಸೆಟ್ಟಿನ ಮೆನುವಿನಲ್ಲಿ ಆ ಎರಡೂ ಇವೆ. ಫ್ಲೆಕ್ಸ್‌ರೇಡಿಯೋ ಸೆಟ್ಟುಗಳಲ್ಲಿ ಮಟ್ಟಕ್ಕೆಂದೇ ಒಂದು ಹೊಂದಾಣಿಕೆ ಇದೆ. ಆರ್‌ಎಫ್ ಗೇನ್ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆಯಾದರೂ ಬ್ಯಾಂಡ್ ಬದಲಿಸಿದಾಗ ಮತ್ತೆ ಕೈಯಿಂದಲೇ ಹೊಂದಿಸಬೇಕು. ಹಾಗಿದ್ದೂ ಗದ್ದಲದ ಊರಿನಲ್ಲಿ ಮೊದಲ ಶಾರ್ಟ್‌ವೇವ್ ಸೆಟ್ ಕೊಳ್ಳುವ ಲೈಸೆನ್ಸುದಾರರಿಗೆ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಅಳತೆಗಳನ್ನು ಹೊಂದಿಸಿದ ಮೇಲೆ ಎಸ್‌ಡಿ ಕಾರ್ಡಿಗೆ ಉಳಿಸಿಕೊಳ್ಳಿ, ಏಕೆಂದರೆ ಪೂರ್ಣ ರೀಸೆಟ್ ಮಾಡಿದರೆ ಎಲ್ಲವೂ ಕಾರ್ಖಾನೆಯ ಅಂಕಿಗಳಿಗೇ ಮರಳುತ್ತವೆ.